ತೀರಿಕೊಂಡವರ ಹೆಸರು ಫುಟ್‌ಪಾತಿನ ಕಲ್ಲಿನ ಮೇಲೆ: ಇದು ಗೌರವವೇ?

ಪ್ರಶ್ನೆ (ಸಾಗರದಿಂದ)
ಜರ್ಮನಿಯ ಕೊಲೋನ್ ನಗರದಲ್ಲಿ ನನ್ನ ಮಗಳು ಬಾಡಿಗೆಗಿರುವ ಕಟ್ಟಡದಲ್ಲಿ ಹಿಂದೆ ಯಹೂದಿ ಮಹಿಳೆಯೊಬ್ಬರು ವಾಸವಾಗಿದ್ದರಂತೆ. ನಾಜಿಗಳು 1942ರಲ್ಲಿ ಅವರನ್ನು ತೆರೇಸಿಯನ್‌ಸ್ಟಾಟ್ ಶಿಬಿರಕ್ಕೆ ಸಾಗಿಸಿದರು. ಅವರು ಮರಳಿ ಬರಲಿಲ್ಲ. ಅವರ ನೆನಪಿಗಾಗಿ ಮುಂದಿನ ತಿಂಗಳು ಬಾಗಿಲ ಮುಂದಿನ ಫುಟ್‌ಪಾತಿನಲ್ಲಿ ಹಿತ್ತಾಳೆ ಹೊದಿಸಿದ ಕಲ್ಲೊಂದನ್ನು ಕೂರಿಸಲಿದ್ದು, ನೆರೆಯವರು ಮಗಳನ್ನೂ ಕರೆದಿದ್ದಾರೆ. ಪುಸ್ತಕಕ್ಕೆ ಕಾಲು ತಗುಲಿದರೂ ಕಣ್ಣಿಗೊತ್ತಿಕೊಳ್ಳುವ ನಮಗೆ, ಸತ್ತವರ ಹೆಸರನ್ನು ಜನ ತುಳಿಯುವಲ್ಲಿ ಹಾಕುವುದು ಅಪಚಾರವೆನಿಸುತ್ತದೆ. ಗೋಡೆಗೆ ಫಲಕ ಹಾಕಬಾರದಿತ್ತೇ? ಅಲ್ಲಿ ಮಗಳು ಹೇಗೆ ನಡೆದುಕೊಳ್ಳಬೇಕು?

ಉತ್ತರ 1 (ಶಿವಮೊಗ್ಗದಿಂದ)
ಮಾನ್ಯರೇ, ಈ ಕಲ್ಲುಗಳ ಹೆಸರು ಸ್ಟೋಲ್ಪರ್‌ಸ್ಟೈನ್, ಅಂದರೆ ‘ಎಡವುಗಲ್ಲು’. ಕಲಾವಿದ ಗುಂಟರ್ ಡೆಮ್ನಿಗ್ ಮೊದಲನೆಯದನ್ನು ನಿಮ್ಮ ಮಗಳಿರುವ ಕೊಲೋನಿನಲ್ಲೇ, ಪುರಭವನದ ಮುಂದೆ, 1992ರ ಡಿಸೆಂಬರ್ 16ರಂದು ಹಾಕಿದರು. ಜಿಪ್ಸಿಗಳೆಂದು ಕರೆಯಲಾಗುತ್ತಿದ್ದ ರೋಮಾ ಮತ್ತು ಸಿಂಟಿ ಜನರನ್ನು ಆಶ್‌ವಿಟ್ಜ್ ಮರಣಶಿಬಿರಕ್ಕೆ ಸಾಗಿಸಲು ನಾಜಿ ನಾಯಕ ಹಿಮ್ಲರ್ ಆಜ್ಞೆ ಹೊರಡಿಸಿ ಅಂದಿಗೆ ಸರಿಯಾಗಿ 50 ವರ್ಷವಾಗಿತ್ತು. 2023ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಒಂದು ಲಕ್ಷನೆಯ ಕಲ್ಲು ಕೂತಿತು. ಸುಮಾರು ಹತ್ತು ಸೆಂಟಿಮೀಟರ್ ಚೌಕದ ಆ ಹಿತ್ತಾಳೆ ತಗಡಿನ ಮೇಲೆ ಒಂದೊಂದೇ ಅಕ್ಷರವನ್ನು ಕೈಯಿಂದ ಬಡಿದು ಮೂಡಿಸುತ್ತಾರೆ: ‘ಇಲ್ಲಿ ವಾಸವಾಗಿದ್ದರು’ ಎಂಬ ಸಾಲು, ಹೆಸರು, ಹುಟ್ಟಿದ ವರ್ಷ, ಸಾಗಿಸಿದ ವರ್ಷ, ಕೊನೆಗೆ ಏನಾಯಿತೆಂಬುದು. ನಾಜಿಗಳು ಯಹೂದಿಗಳನ್ನು ಶಿಬಿರಕ್ಕೆ ಕಳಿಸುವ ಮೊದಲು ಅವರವರ ಮನೆಯಿಂದ ಎಬ್ಬಿಸಿ ಬೇರೆ ಕಟ್ಟಡಗಳಲ್ಲಿ ಒತ್ತೊತ್ತಾಗಿ ತುಂಬುತ್ತಿದ್ದುದರಿಂದ, ಆ ವ್ಯಕ್ತಿ ತನ್ನಿಷ್ಟದಂತೆ ಬಾಳಿದ ಕೊನೆಯ ಮನೆಯನ್ನೇ ಹುಡುಕಿ ಅದರೆದುರು ಕಲ್ಲು ಹಾಕುತ್ತಾರೆ. ಗೋಡೆಗೆ ಫಲಕ ಹಾಕಲು ಮಾಲೀಕರು ಒಪ್ಪಬೇಕು, ಬೀದಿ ಊರಿನದು. ಅಲ್ಲದೆ, ಅಷ್ಟು ಸಣ್ಣ ಅಕ್ಷರ ಓದಬೇಕಾದರೆ ಯಾರಾದರೂ ತಲೆ ಬಾಗಿಸಲೇಬೇಕು.

ಉತ್ತರ 2 (ತೀರ್ಥಹಳ್ಳಿಯಿಂದ)
ತಮ್ಮ ಸಂಕೋಚ ನಮ್ಮ ಸೀಮೆಯವರದ್ದಷ್ಟೇ ಅಲ್ಲ. ಬಾಲ್ಯದಲ್ಲಿ ಅಡಗಿ ಬದುಕುಳಿದ, ಮ್ಯೂನಿಕ್‌ನ ಯಹೂದಿ ಸಮುದಾಯದ ಮುಖ್ಯಸ್ಥೆ ಶಾರ್ಲೊಟ್ ಕ್ನೋಬ್ಲೋಖ್ ಇದೇ ಕಾರಣಕ್ಕೆ ವಿರೋಧಿಸಿದರು. ಆ ನಗರವು ಸಾರ್ವಜನಿಕ ಜಾಗದಲ್ಲಿ ಈ ಕಲ್ಲುಗಳಿಗೆ ಅನುಮತಿ ಕೊಟ್ಟಿಲ್ಲ. 2018ರಿಂದ ಗೋಡೆಯ ಫಲಕಗಳನ್ನೂ ಕಂಬಗಳನ್ನೂ ನಿಲ್ಲಿಸುತ್ತಿದೆ. ಅನುಭವಿಸಿದವರ ಮಾತನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಉತ್ತರ 3 (ಇಕ್ಕೇರಿ ಸಮೀಪದಿಂದ)
ನಮ್ಮ ಅಘೋರೇಶ್ವರ ದೇವಾಲಯದ ನೆಲಹಾಸಿನಲ್ಲಿ ಕೆಳದಿಯ ನಾಯಕರು ನಮಸ್ಕರಿಸುತ್ತಿರುವ ಉಬ್ಬುಶಿಲ್ಪಗಳಿದ್ದು, ಮೇಲೆ ಹೆಸರುಗಳೂ ಇವೆ. ಭಕ್ತರು ಅಲ್ಲೇ ಓಡಾಡುತ್ತಾರೆ. ಆದರೂ ಇದನ್ನು ತೋರಿಸಿ ಕೊಲೋನಿನ ಕಲ್ಲನ್ನು ಸಮರ್ಥಿಸಲಾಗದು. ಅದು ಅರಸರ ಭಕ್ತಿಯ ಗುರುತು. ಆ ಯಹೂದಿ ತಾಯಿಯನ್ನು ಯಾರೂ ಏನೂ ಕೇಳಿರಲಿಲ್ಲ. ಹಾಗಾಗಿ ಅವರ ಬಂಧುಗಳು ಉಳಿದಿದ್ದರೆ ಅವರ ಇಚ್ಛೆಯೇ ದೊಡ್ಡದು. ಮಗಳು ಕುಂಕುಮ, ಆರತಿ ಒಯ್ಯುವುದು ಬೇಡ. ಬಿಳಿ ಹೂವೊಂದು ಸಾಕು. 1938ರಲ್ಲಿ ಯಹೂದಿಗಳ ಮೇಲೆ ದಾಳಿ ನಡೆದ ನವೆಂಬರ್ 9 ಮತ್ತು 1945ರಲ್ಲಿ ಆಶ್‌ವಿಟ್ಜ್ ಬಿಡುಗಡೆಯಾದ ಜನವರಿ 27ರಂದು ನೆರೆಯವರು ಕಲ್ಲುಗಳನ್ನು ಬೆಳಗುವ ರೂಢಿಯಿದೆ. ತಂತಿ ಬ್ರಷ್ ಬಳಸದೆ ಮೆತ್ತನೆಯ ಬಟ್ಟೆಯಿಂದ ಉಜ್ಜಲಿ. ಬಂಧುಗಳು ಬಂದಿದ್ದರೆ ಮೊದಲ ಹೂವು ಅವರೇ ಇಡಲಿ, ಅನಂತರ ಅವಳು ಇಡಲಿ.