ಮರು: ರೆಕ್ಸಿನ್ ಹೊಡೆಯುವ ಸ್ಟೇಪಲ್‌ಗೆ ಕನ್ನಡ ಪದ ಬೇಕು (ತುರ್ತು)

> ಹುಡುಗರಿಗೆ ಇಸ್ಪೀಟು ಮೇಜು ಮಾಡಲು ಕಲಿಸುವ ಕೈಪಿಡಿ. ಶನಿವಾರ ಅಚ್ಚಿಗೆ ಹೋಗಬೇಕು. ಸ್ಟೇಪಲ್ ಆರಿಸುವ ಪುಟದಲ್ಲಿ ಸಿಕ್ಕಿಕೊಂಡಿದ್ದೇನೆ.

ಪಿನ್ ಎಂದೇ ಬರೆಯಿರಿ. ಇಲ್ಲಿ ಕೊಡಗಿನ ಸೋಮವಾರಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿಗೆ ಹೋದವರು ಪಿನ್ ಕೊಡಿ ಅಂತಲೇ ಕೇಳುವುದು. ಸೋಫಾ ಕೆಲಸದವರ ಬಾಯಲ್ಲೂ ಅದೇ.

> ಬಂಧಕೀಲ ಎನ್ನಬಹುದು.

ಬೇಡ. ಆ ಪದ ಹೇಳಿ ಹುಡುಗನನ್ನು ಅಂಗಡಿಗೆ ಕಳಿಸಿದರೆ ಬರಿಗೈಲಿ ಬರುತ್ತಾನೆ.

> ಲಾಳಮೊಳೆ. ಆಕಾರಕ್ಕೆ ಹೊಂದುತ್ತದೆ, ಅಚ್ಚಗನ್ನಡವೂ ಹೌದು.

ಆಕಾರ ಒಪ್ಪಿದೆ. ಆದರೆ ಎತ್ತಿನ ಲಾಳಕ್ಕೆ ಹೊಡೆಯುವ ಮೊಳೆಗೆ ಆ ಹೆಸರು ಮೊದಲೇ ಇದೆ. ಇನ್ನು ಅಚ್ಚಗನ್ನಡದ ಮಾತು. ಲಾಳ ಬಂದದ್ದು ಅರಬ್ಬಿಯ ನಾಲ್‌ನಿಂದ. ಮೇಜು ಪಾರಸಿ, ಕುರ್ಚಿ ಅರಬ್ಬಿ, ಚಾವಿ ಪೋರ್ಚುಗೀಸ್. ಇವೆಲ್ಲ ನಮ್ಮ ಮನೆಯೊಳಗೆ ಬಂದು ಕೂತಿರುವಾಗ ಪಿನ್ ಒಂದನ್ನೇ ಹೊಸಿಲಾಚೆ ನಿಲ್ಲಿಸುವುದು ಯಾವ ನ್ಯಾಯ? ನೀವು ಹಿರಿಯರು, ನಿಮ್ಮ ಓದಿನ ಮೇಲೆ ನನಗೆ ಗೌರವ ಇದೆ. ಆದರೆ ಯಾರು ಏನು ಕೇಳಿದರೂ ಇದೇ ಜಗಳ ತೆಗೆದರೆ ಕೇಳಿದವರ ಕೆಲಸ ನಿಲ್ಲುತ್ತದೆ.

ಮೊಳೆ ಮಾತ್ರ ನಮ್ಮದೇ. ಮೊಳಕೆಯೂ ಅದೇ ಬೇರಿನದು. ನನಗೆ ತುಂಬ ಇಷ್ಟದ ಪದ. ಆದರೂ ಮೊಳೆ ಅಂದರೆ ಒಂದೇ ಮೊನೆ, ಮೇಲೆ ಸುತ್ತಿಗೆ ಏಟು ತಿನ್ನುವ ತಲೆ. ಪಿನ್ನಿಗೆ ಎರಡು ಕಾಲು, ತಲೆಯೇ ಇಲ್ಲ. ಕೊಂಡಿ ಅಂದರೆ ಓದುವವರ ಕಣ್ಣಿಗೆ ಬಾಗಿಲ ಚಿಲಕ ಬರುತ್ತದೆ.

ಕನ್ನಡ ಬೇಕಾಗಿರುವುದು ಪಿನ್ನಿನ ಭಾಗಗಳಿಗೆ. ಆರಿಸುವುದು ಅವುಗಳನ್ನು ನೋಡಿ ತಾನೆ? ಬಟ್ಟೆಯನ್ನು ಅದುಮಿ ಹಿಡಿಯುವ ಅಡ್ಡ ತಂತಿಗೆ ಬೆನ್ನು ಅನ್ನಿ. ಮರಕ್ಕೆ ಇಳಿಯುವುದಕ್ಕೆ ಕಾಲು. ಡಬ್ಬಿಯ ಮೇಲೆ 13/8 ಅಂತ ಇದ್ದರೆ ಗೀಟಿನ ಆಚೆಗಿನ 8 ಕಾಲಿನ ಉದ್ದ, ಮಿಲಿಮೀಟರಿನಲ್ಲಿ. ಆಫೀಸಿನ 24/6 ಪಿನ್ನಿನಲ್ಲೂ ಹಾಗೇ, 6 ಅಂದರೆ ಕಾಲು. ಅದು ಕಾಗದಕ್ಕೆ ಮಾಡಿದ್ದು, ಪ್ಲೈವುಡ್‌ಗೆ ಹೊಡೆದರೆ ಮಡಚಿಕೊಳ್ಳುತ್ತದೆ.

ಪಿನ್ನಿನ ಕಾಲಿನ ಲೆಕ್ಕ ತಪ್ಪಿ ನಾನೇ ಒಂದು ಮೇಜು ಕೆಡಿಸಿದ್ದೇನೆ. ಮೇಜಿನ ಕಾಲುಗಳಿಗೆ ತೋಟದ ಸಿಲ್ವರ್ ಓಕ್, ಮೇಲೆ 6 ಮಿಲಿಮೀಟರ್ ಪ್ಲೈವುಡ್, ಅದರ ಮೇಲೆ ತೆಳು ಫೋಮ್, ರೆಕ್ಸಿನ್. ರೆಕ್ಸಿನ್ ಅಂಚನ್ನು ಎಳೆದು ಕೆಳಗಿನಿಂದ 10 ಮಿಲಿಮೀಟರ್ ಕಾಲಿನ ಪಿನ್ ಹೊಡೆದೆ. ನೋಡಲು ಚೆಂದ ಇತ್ತು. ಕೈಲ್‌ಪೊಳ್ದ್, ಅಂದರೆ ಕೊಡವರ ಆಯುಧ ಹಬ್ಬದ ದಿನ ನೆಂಟರು ಸುತ್ತ ಕೂತರು. ಇಸ್ಪೀಟೆಲೆ ಹಂಚುತ್ತಾ ಅಂಚಿಗೆ ಅಂಗೈ ಊರಿದೆ. ಎರಡು ಮೊನೆ ಒಟ್ಟಿಗೇ ಚುಚ್ಚಿದವು. ಹಲಗೆ ದಾಟಿ ಫೋಮಿನೊಳಗೆ ಬಂದು ನಿಂತಿದ್ದವು. ಎಲ್ಲ ಕಿತ್ತು ಮತ್ತೆ ಹೊಡೆಯಬೇಕಾಯಿತು.

ಮೂಲೆಯಲ್ಲಿ ಇದರ ತದ್ವಿರುದ್ಧ. ರೆಕ್ಸಿನ್ ಮೂರು ನಾಲ್ಕು ಪದರ ಆಗುತ್ತದೆ, ಕಾಲು ಅದರಲ್ಲೇ ಅರ್ಧ ಮುಗಿದು ಮರಕ್ಕೆ ಸ್ವಲ್ಪವೇ ಇಳಿಯುತ್ತದೆ. ಉದ್ದದ ಪಿನ್ ಹುಡುಕಬೇಡಿ, ಜಾಸ್ತಿಯಾದ ಬಟ್ಟೆಯನ್ನು ಕತ್ತರಿಸಿ ತೆಗೆಯಿರಿ. ನಮ್ಮ ಮಳೆಗಾಲಕ್ಕೆ ಸಾದಾ ಕಬ್ಬಿಣದ ಪಿನ್ ತುಕ್ಕು ಹಿಡಿದು ಬಟ್ಟೆಗೆ ಕಂದು ಕಲೆ ಬಿಡುತ್ತದೆ. ಸತುವಿನ ಲೇಪ ಇರುವುದು ಅಥವಾ ಸ್ಟೇನ್‌ಲೆಸ್ ಸ್ಟೀಲ್ ಅಂತ ಬರೆಯಿರಿ. ಕಲಾಯಿ ಅನ್ನಬೇಡಿ, ಅದು ಪಾತ್ರೆಗೆ ಹಾಕುವ ತವರದ್ದು.

ಕೈಪಿಡಿಗೆ ಹೀಗೆ ಹಾಕಬಹುದು:

"ಪಿನ್ನಿನ ಕಾಲು ರೆಕ್ಸಿನ್ ದಾಟಿ ಮರದೊಳಗೆ ಗಟ್ಟಿಯಾಗಿ ಕೂರಬೇಕು, ಹಲಗೆಯ ಆಚೆ ಬದಿಗೆ ಬರಬಾರದು. ಬೆನ್ನು ಬಟ್ಟೆಗೆ ಅಂಟಿಕೊಂಡಂತೆ ಇರಬೇಕು, ಬಟ್ಟೆಯನ್ನು ಕತ್ತರಿಸಬಾರದು."