ಅಪ್‌ಡೇಟ್: ಹೆವಿ ಕಿಕ್ ಕೊನೆಗೂ ಬೆರಳಿಗೆ ಸಿಕ್ಕಿತು

ಸ್ಟ್ರೀಟ್ ಫೈಟರ್ 6 ಎಂಬ ಹೊಡೆದಾಟದ ವಿಡಿಯೊ ಗೇಮ್ ಆಡುವಾಗ ಹೆವಿ ಕಿಕ್ (ಜೋರಾದ ಒದೆತ) ಸದಾ ತಡವಾಗುತ್ತದೆ, ಕೈಯಲ್ಲಿ ಹಿಡಿಯುವ ಗೇಮ್ ಪ್ಯಾಡ್ ಬಿಟ್ಟು ಬೇರೆ ದಾರಿ ಇದೆಯೇ ಎಂದು ಕಳೆದ ತಿಂಗಳು ಇಲ್ಲಿ ಕೇಳಿದ್ದೆ. ತಪ್ಪು ನನ್ನ ಬೆರಳಿನದಲ್ಲ, ಆ ಕಿಕ್‌ಗೆ ಒತ್ತಬೇಕಾದ ಆರ್2 ಟ್ರಿಗರ್ (ಪ್ಯಾಡ್‌ನ ಹಿಂಬದಿಯ ಬಟನ್) ಬಹಳ ದೂರ ಒಳಗಿಳಿಯುವುದರದು ಎಂದು ನೀವು ಹೇಳಿದ್ದು ನಿಜವಾಯಿತು.

ಆಟದಲ್ಲೇ ಇರುವ ಸುಲಭದ ಬಟನ್ ವ್ಯವಸ್ಥೆ, ಮಾಡರ್ನ್ ಕ್ರಮವನ್ನು ಒಂದು ವಾರ ಆಡಿ ನೋಡಿದೆ. ಒಂದೇ ಬಟನ್‌ಗೆ ಸ್ಪೆಷಲ್ (ಪಾತ್ರದ ವಿಶೇಷ ಪಟ್ಟು) ಬರುತ್ತದೆ, ಆದರೆ ಹಾಗೆ ಹೊಡೆದರೆ ಪೆಟ್ಟಿನ ಬಲ ಶೇ 20ರಷ್ಟು ಕಡಿಮೆ. ನನ್ನ ಜಿಪುಣ ಮನಸ್ಸು ಒಪ್ಪಲಿಲ್ಲ.

ಕೊನೆಗೆ ನಾನೇ ಒಂದು ಬಟನ್ ಪೆಟ್ಟಿಗೆ ಮಾಡಿಕೊಳ್ಳಲು, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋಗಿ 30 ಮಿಲಿಮೀಟರ್ ಬಟನ್‌ಗಳನ್ನು ತಂದೆ. ಬಡಗಿಯೊಬ್ಬರು ಪ್ಲೈವುಡ್‌ಗೆ ತೂತು ಕೊರೆಯುತ್ತಾ, "ಇದೇನು ಸಾರ್, ಇಡ್ಲಿ ತಟ್ಟೆಯೇ?" ಎಂದು ಕೇಳಿದರು. ಮೇಲಿನ ಸಾಲಿನಲ್ಲಿ ಮೂರು ಪಂಚ್, ಕೆಳಗೆ ಮೂರು ಕಿಕ್, ಎಡದಿಂದ ಬಲಕ್ಕೆ ಲೈಟ್, ಮೀಡಿಯಂ, ಹೆವಿ. ಇದರ ಸೊಗಸು ಕೈಯಿಟ್ಟಾಗಲೇ ತಿಳಿದದ್ದು: ಮೊದಲ ಜೋಡಿಯನ್ನು ಮೇಲೆ ಕೆಳಗೆ ಒಟ್ಟಿಗೆ ಒತ್ತಿದರೆ ಥ್ರೋ (ಎದುರಾಳಿಯನ್ನು ಹಿಡಿದು ಎಸೆಯುವುದು), ನಡುವಿನದಕ್ಕೆ ಡ್ರೈವ್ ಪ್ಯಾರಿ (ಪೆಟ್ಟು ತಡೆಯುವುದು), ಕೊನೆಯದಕ್ಕೆ ಡ್ರೈವ್ ಇಂಪ್ಯಾಕ್ಟ್ (ಪೆಟ್ಟು ತಾಳಿಕೊಂಡೇ ಹೊಡೆಯುವ ಬಲವಾದ ಏಟು). ಹೆಬ್ಬೆರಳು ಮತ್ತು ಇನ್ನೊಂದು ಬೆರಳು, ಅಷ್ಟೇ.

ಮೊದಲ ದಿನ ಎರಡು ತಂತಿಗಳು ಅದಲುಬದಲಾಗಿ, ಪಂಚ್ ಒತ್ತಿದರೆ ಆಟದೊಳಗಿನ ನನ್ನ ಹೋರಾಟಗಾರ ಕಾಲು ಎತ್ತುತ್ತಿದ್ದ. ತಮ್ಮ ಬಿದ್ದು ಬಿದ್ದು ನಕ್ಕ. ಅವನು ಆಡುವ ಇನ್ನೊಂದು ಹೊಡೆದಾಟದ ಗೇಮ್ ಟೆಕ್ಕನ್‌ಗೂ ಇದೇ ಪೆಟ್ಟಿಗೆ ಸಾಕಾಗಿದೆ. ಅಲ್ಲಿ ಎರಡು ಕೈ, ಎರಡು ಕಾಲಿಗೆ ಒಂದೊಂದರಂತೆ ನಾಲ್ಕೇ ಬಟನ್.

ಹೆವಿ ಕಿಕ್ ಈಗ ಸಮಯಕ್ಕೆ ಸರಿಯಾಗಿ ಬೀಳುತ್ತಿದೆ. ಸೋಲುವುದು ಮಾತ್ರ ನಿಂತಿಲ್ಲ.