ಸೋಂಕು, ನಂಜು: ಯಾವುದು ಎಲ್ಲಿ?

ಎಲ್ಲರಿಗೂ ನಮಸ್ಕಾರ. ಬಸವನಗುಡಿಯ ನಮ್ಮ ಅಪಾರ್ಟ್‌ಮೆಂಟಿನವರಿಗೆ ಹಂಚಲು ರೋಗಾಣುಗಳ ಬಗ್ಗೆ ಎರಡು ಪುಟದ ಕರಪತ್ರ ಬರೆಯುತ್ತಿದ್ದೇನೆ. ಮೊದಲ ಪ್ಯಾರಾದಲ್ಲೇ ಸಿಕ್ಕಿಹಾಕಿಕೊಂಡೆ.

ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಹತ್ತರಲ್ಲಿ ಮೂರು ಜನರ ಮೂಗಿನಲ್ಲಿ ಸುಮ್ನೆ ಇರುತ್ತದೆ. ಚರ್ಮ ಕೊಯ್ದ ಜಾಗದಿಂದ ಒಳಗೆ ಹೋದರೆ ಮಾತ್ರ ಕುರು, ಕೀವು. ಇದನ್ನು ನಾನು 'ಮೂಗಿನಲ್ಲಿ ಸೋಂಕು ಇರುತ್ತದೆ' ಎಂದು ಬರೆದಿದ್ದೆ. ಓದಿದ ನಮ್ಮತ್ತೆ ಮೂಗಿಗೆ ಸೆರಗು ಹಿಡಿದು ಕೂತರು!

ಸೋಂಕು ಅಂದರೆ ಮೊದಲು ಬರೀ ಮುಟ್ಟುವುದು. ಪಂಪನ 'ತೆಂಕಣ ಗಾಳಿ ಸೋಂಕಿದೊಡಂ' ಓದಿದಾಗ ಯಾರಿಗೂ ಜ್ವರ ನೆನಪಾಗುವುದಿಲ್ಲ, ಅಲ್ವಾ? ಈಗ ಮುಟ್ಟಿದ್ದಕ್ಕೂ, ಮೈಯಲ್ಲಿ ನೆಲೆ ನಿಂತದ್ದಕ್ಕೂ, ಕಾಯಿಲೆಯಾದದ್ದಕ್ಕೂ ಅದೊಂದೇ ಪದ.

ಆದರೆ ಒಂದೊಂದು ಬ್ಯಾಕ್ಟೀರಿಯಾದ ದಾರಿ ಒಂದೊಂದು. ಕಾಲರಾದ್ದು ಸಣ್ಣಕರುಳಿನ ಗೋಡೆಗೆ ಅಂಟಿಕೊಳ್ಳುತ್ತದೆ, ಜೀವಕೋಶದೊಳಗೆ ನುಗ್ಗುವುದಿಲ್ಲ. ಅಲ್ಲೇ ಕೂತು ವಿಷ ಬಿಡುತ್ತದೆ, ಕರುಳು ನೀರು ಸುರಿಸುತ್ತದೆ. (1959ರಲ್ಲಿ ಈ ವಿಷವನ್ನು ತೋರಿಸಿಕೊಟ್ಟವರು ಕಲ್ಕತ್ತಾದ ಶಂಭುನಾಥ ಡೇ. ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?) ಟೈಫಾಯ್ಡಿನದು ಗೋಡೆ ದಾಟಿ, ನಮ್ಮನ್ನು ಕಾಯಬೇಕಾದ ಬಿಳಿ ರಕ್ತಕಣದೊಳಗೇ ಅಡಗಿ, ರಕ್ತಕ್ಕೆ ಇಳಿಯುತ್ತದೆ. ಧನುರ್ವಾಯುವಿನದು ಗಾಯ ಬಿಟ್ಟು ಕದಲುವುದಿಲ್ಲ. ಅದರ ವಿಷ ಮಾತ್ರ ನರ ಹಿಡಿದು ಹೋಗುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ಇದಕ್ಕೆ 'ಸೋಂಕು ರೋಗ' ಎಂದು ಬರೆದರೆ ಓದುವವರು ಅಂಟುಜಾಡ್ಯ ಅಂತಲೇ ತಿಳಿಯುತ್ತಾರೆ.

ಅಂಟಿಕೊಳ್ಳು, ನುಗ್ಗು, ಇವೆರಡರ ಬಗ್ಗೆ ತಕರಾರಿಲ್ಲ. ಮೂಗಿನಲ್ಲಿ ಸುಮ್ಮನಿರುವುದಕ್ಕೆ ಏನನ್ನಲಿ? 'ಬೀಡುಬಿಡು' ಅಂದರೆ ನಾಳೆ ಎದ್ದು ಹೋಗುವವರು. 'ಠಿಕಾಣಿ ಹೂಡು' ನಗು ತರಿಸುತ್ತದೆ. 'ಒಕ್ಕಲಾಗು' ನನಗೆ ಇಷ್ಟ. 1898ರ ಪ್ಲೇಗಿಗೆ ಹೆದರಿ ಪೇಟೆ ಬಿಟ್ಟವರೂ ನಮ್ಮ ಬಡಾವಣೆಗೆ ಬಂದು ಒಕ್ಕಲಾದವರೇ ತಾನೆ.

ನಿಜವಾದ ತಲೆನೋವು 'ನಂಜು'. ಬ್ಯಾಕ್ಟೀರಿಯಾ ಬಿಡುವ ವಿಷಕ್ಕೆ ಇದಕ್ಕಿಂತ ಚಿಕ್ಕ, ಚೊಕ್ಕ ಪದ ಇಲ್ಲ. ನಂಜುಂಡ ಕುಡಿದದ್ದೂ ಅದನ್ನೇ. ಆದರೆ ನಮ್ಮಜ್ಜಿ 'ಗಾಯ ನಂಜಾಯ್ತು' ಅಂದರೆ ಕೀವು ತುಂಬಿ ಊದಿಕೊಂಡಿದೆ ಅಂತ. ಗಾಯ ಇದ್ದಾಗ ಬದನೆಕಾಯಿ ತಿಂದರೂ 'ನಂಜು' ಅನ್ನುತ್ತಿದ್ದರು. ಹೀಗಿರುವಾಗ 'ಬ್ಯಾಕ್ಟೀರಿಯಾ ನಂಜು ಬಿಡುತ್ತದೆ' ಎಂದು ಓದಿದರೆ ನಿಮಗೆ ವಿಷ ಕಾಣುತ್ತದೋ ಕೀವೋ? ನಿಮ್ಮ ಕಡೆ ಗಾಯ ಕೆಟ್ಟಾಗ ಏನಂತಾರೆ? ಕರಾವಳಿಯವರೂ ಬಯಲುಸೀಮೆಯವರೂ ದಯವಿಟ್ಟು ಹೇಳಿ. ಭಾನುವಾರ ಪ್ರಿಂಟಿಗೆ ಕೊಡಬೇಕು.